ಅಂದಾಜಮ್ಮನ ಬುತ್ತಿ

ನಮ್ಮ ಊರಿನಲ್ಲಿ ಗೋಡೆ ಕಟ್ಟುವುದಕ್ಕೆ ಯಾರೂ ಹೆದರುವುದಿಲ್ಲ, ಕೆಡವುವುದಕ್ಕೆ ಹೆದರುತ್ತಾರೆ. ಕೆಡವಿದ್ದನ್ನು ಸಾಗಿಸಲು ಕಬ್ಬಿಣದ ತೊಟ್ಟಿ ತರಿಸಬೇಕು. ಒಂದು ಕೆಲಸಕ್ಕೆ ಒಂದೇ ತೊಟ್ಟಿ, ಸಣ್ಣದೋ ನಡುವಣದೋ ದೊಡ್ಡದೋ ಮೊದಲೇ ಹೇಳಬೇಕು, ಇಳಿಸಿದ ಮೇಲೆ ಬದಲಾಯಿಸುವಂತಿಲ್ಲ. ಮೂರನೆಯ ದಿನ ಮಧ್ಯಾಹ್ನ ನಾಲ್ಕು ಗಂಟೆಗೆ ಲಾರಿ ಬರುತ್ತದೆ. ಅಷ್ಟರೊಳಗೆ ತೊಟ್ಟಿ ಅಂಚಿನವರೆಗೆ ತುಂಬಿರಬೇಕು. ತೊಟ್ಟಿಗೆ ಹಿಡಿಸದೆ ಉಳಿದದ್ದು ಬೆಳಗಾಗುವಷ್ಟರಲ್ಲಿ ಮತ್ತೆ ಗೋಡೆಯಾಗಿ ನಿಂತಿರುತ್ತದೆ. ಹೆದರಿ ಸಣ್ಣ ತೊಟ್ಟಿ ತರಿಸಿದವರ ಮನೆಗಳಲ್ಲಿ ನಡುಮನೆಯ ಮಧ್ಯೆ ಮೊಣಕಾಲೆತ್ತರದ ಗೋಡೆಗಳಿವೆ. ಅವರು ಅದನ್ನು ದಾಟಿಕೊಂಡೇ ಊಟಕ್ಕೆ ಹೋಗುತ್ತಾರೆ, ದಾಟಿಕೊಂಡೇ ಮಲಗಲು ಬರುತ್ತಾರೆ. ನಗುವುದಾದರೆ ನಗಬಹುದು. ಆದರೆ ತೊಟ್ಟಿಯಲ್ಲಿ ಜಾಗ ಉಳಿದರೆ ನಗು ಬರುವುದಿಲ್ಲ. ಉಳಿದ ಜಾಗಕ್ಕೆ ಹೊಂದುವಂಥದ್ದನ್ನು ತೊಟ್ಟಿ ಆ ಮನೆಯಿಂದಲೇ ತೆಗೆದುಕೊಳ್ಳುತ್ತದೆ.

ಅದು ಹೇಗೆಂದು ನೋಡಿದವರಿಲ್ಲ. ಲಾರಿ ಎತ್ತುವಾಗ ತುಂಬಿರುತ್ತದೆ, ಅಷ್ಟೆ. ಏನು ಹೋಯಿತೆಂದು ಮನೆಯವರಿಗೆ ನೆನಪಿರುವುದೂ ಇಲ್ಲ. ನೆರೆಹೊರೆಯವರಿಗೆ ನೆನಪಿರುತ್ತದೆ, ಆದರೆ ಹೇಳಬಾರದು. ಇದು ನಮ್ಮ ಊರಿನ ಮರ್ಯಾದೆ. ದರ್ಜಿ ವಾಸಪ್ಪ ಬಚ್ಚಲಮನೆ ಕೆಡವಿಸಿದಾಗ ಮೂಲೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಈಗಲೂ ಅವನು ಪ್ರತಿ ಹಬ್ಬಕ್ಕೆ ಹತ್ತು ವರ್ಷದ ಹುಡುಗಿಯ ಅಳತೆಯ ಲಂಗವೊಂದನ್ನು ಹೊಲಿಯುತ್ತಾನೆ. ಯಾರಿಗೆಂದು ತಿಳಿಯದೆ ಅಂಗಡಿಯ ಮೊಳೆಗೆ ನೇತುಹಾಕುತ್ತಾನೆ. ನಾವು ನೋಡಿಯೂ ನೋಡದಂತೆ ಇರುತ್ತೇವೆ. ಅಂಥ ಮನೆಯವರು ಮೊದಲ ಸಲ ಬೀದಿಗೆ ಬಂದಾಗ ಯಾರಾದರೂ ಒಬ್ಬರು ಕರೆದು ಕೂರಿಸಿ ಕಾಫಿ ಕೊಟ್ಟು ಬದನೆಕಾಯಿಯ ಮಾತು ತೆಗೆಯಬೇಕು. ಈ ಸಲ ಕಹಿ ಇದೆಯೇ, ಹುಳು ಇದೆಯೇ ಎಂದು. ಬೇರೆ ಏನು ಮಾತಾಡಿದರೂ ಹೋದವರ ಸುದ್ದಿಗೆ ಕಾಲು ಜಾರುತ್ತದೆ, ಬದನೆಕಾಯಿಯಲ್ಲಿ ಆ ಭಯವಿಲ್ಲ. ಈ ಕೆಲಸದಲ್ಲಿ ನಾನು ಪಳಗಿದವಳು. ವಾಸಪ್ಪನಿಗೆ ಕಾಫಿ ಕೊಟ್ಟವಳು ನಾನೇ.

ಹೀಗಾಗಿ ಜನ ಮುರುಕು ಕೂಡಿಟ್ಟುಕೊಳ್ಳುತ್ತಾರೆ. ಕಾಲು ಮುರಿದ ಕುರ್ಚಿ, ಒಡೆದ ಹಂಡೆ, ಹತ್ತಿ ಗಂಟುಕಟ್ಟಿದ ಹಾಸಿಗೆ ಎಲ್ಲಕ್ಕೂ ಮನೆಮನೆಯಲ್ಲಿ ಒಂದು ಕೋಣೆ. ಜಾಗ ಉಳಿದಾಗ ತುಂಬುವುದಕ್ಕೆ ಅದೇ ಆಸರೆ. ಹೆಣ್ಣು ನೋಡಲು ಬಂದವರು ಹುಡುಗಿಯನ್ನು ನೋಡುವ ಮೊದಲು ಮುರುಕಿನ ಕೋಣೆಯ ಬಾಗಿಲು ತೆಗೆಸುತ್ತಾರೆ. ಆದರೆ ತುಂಬಿಸಲೆಂದೇ ಒಡೆದದ್ದನ್ನು ತೊಟ್ಟಿ ಒಪ್ಪುವುದಿಲ್ಲ. ಮಣ್ಣು, ಸೊಪ್ಪು, ನೀರು ಎಷ್ಟು ಸುರಿದರೂ ಮಟ್ಟ ಏರುವುದಿಲ್ಲ. ಪಕ್ಕದ ಮನೆಯವರು ಕನಿಕರದಿಂದ ತಂದು ಹಾಕಿದರೆ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಅದು ಅವರ ಹೊಸ್ತಿಲಿನ ಮುಂದೆಯೇ ಬಿದ್ದಿರುತ್ತದೆ.

ನನ್ನ ಹೆಸರು ಸಾವಂತ್ರಮ್ಮ. ಊರಿನವರು ಅಂದಾಜಮ್ಮ ಎನ್ನುತ್ತಾರೆ. ಯಾವ ಗೋಡೆ ಕೆಡವಿದರೆ ಎಷ್ಟು ಕಲ್ಲುಮಣ್ಣು ಬೀಳುತ್ತದೆ, ಯಾವ ತೊಟ್ಟಿ ಬೇಕು ಎಂದು ಹೇಳುವುದು ನನ್ನ ಕೆಲಸ. ಹನ್ನೊಂದು ವರ್ಷದಿಂದ ಮಾಡುತ್ತಿದ್ದೇನೆ. ನಿಂತ ಇಟ್ಟಿಗೆ ಗೋಡೆ ಒಂದು ಪಾಲಾದರೆ ಬಿದ್ದ ಗೋಡೆ ಒಂದೂವರೆ ಪಾಲು. ಮಣ್ಣಿನ ಗೋಡೆ ಅಷ್ಟು ಉಬ್ಬುವುದಿಲ್ಲ, ಹೆಂಚು ಎಲ್ಲಕ್ಕಿಂತ ಮೋಸ. ಗೋಡೆಯ ಉದ್ದಕ್ಕೂ ಬುಡ, ನಡು, ತಲೆ ಮೂರು ಕಡೆ ಗೆಣ್ಣಿನಿಂದ ಬಡಿದು ಸದ್ದು ಕೇಳಬೇಕು. ಗಟ್ಟಿಯೋ ಟೊಳ್ಳೋ ಎಂದು ಕಿವಿ ಹೇಳುತ್ತದೆ. ಕೈಯಲ್ಲಿ ಟೇಪು ಹಿಡಿದವರೆಲ್ಲ ಅಂದಾಜಿನವರಾಗುವುದಿಲ್ಲ ಎಂದು ನಾನು ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಅಂದಾಜಿನವರಿಗೆ ಒಂದು ಕಟ್ಟುಪಾಡು ಇದೆ. ಅಳತೆ ಮುಗಿದ ಮೇಲೆ ಆ ಮನೆಯಲ್ಲಿ ಉಣ್ಣಬೇಕು. ಉಂಡವರು ತೊಟ್ಟಿ ಹೋಗುವವರೆಗೆ ಆ ಮನೆಯವರೇ. ಜಾಗ ಉಳಿದರೆ ತೊಟ್ಟಿ ಅವರನ್ನೂ ತೆಗೆದುಕೊಳ್ಳಬಹುದು, ಅವರ ಮನೆಯ ಮುರುಕನ್ನೂ ಒಪ್ಪುತ್ತದೆ. ಅಳತೆಯಲ್ಲಿ ಅಜಾಗ್ರತೆ ಮಾಡಬಾರದೆಂದು ಹಿರಿಯರು ಮಾಡಿದ್ದು. ಅಲ್ಲಿಯೇ ಉಣ್ಣಲಾಗದಿದ್ದರೆ ಬುತ್ತಿ ಕಟ್ಟಿಸಿಕೊಂಡು ಹೋಗಿ ಹೊತ್ತು ಮುಳುಗುವ ಮೊದಲು ಉಂಡರೂ ನಡೆಯುತ್ತದೆ.

ಈಗ ಮುಚ್ಚುಮರೆ ಯಾಕೆ? ನಾನು ಒಂದು ದಿನವೂ ಉಣ್ಣಲಿಲ್ಲ. ಸೋಮವಾರ ಉಪವಾಸ, ಗುರುವಾರ ಒಪ್ಪೊತ್ತು, ಉಳಿದ ದಿನ ಹೊಟ್ಟೆನೋವು ಎಂದು ಸಬೂಬು ಹೇಳಿ ಹಿತ್ತಾಳೆಯ ಡಬ್ಬಿಯಲ್ಲಿ ಬುತ್ತಿ ಕಟ್ಟಿಸಿಕೊಂಡು ಮನೆಗೆ ತರುತ್ತಿದ್ದೆ. ಭಯ, ಬರೀ ಭಯ. ಕಂಡವರ ಗೋಡೆಗೆ ನನ್ನ ಜೀವ ಯಾಕೆ ಒತ್ತೆಯಿಡಬೇಕು ಎನ್ನಿಸುತ್ತಿತ್ತು. ಮಾರನೆಯ ಬೆಳಿಗ್ಗೆ ಡಬ್ಬಿ ತೊಳೆದು ಬೋರಲು ಹಾಕಿರುತ್ತಿತ್ತು. ಅನ್ನವನ್ನು ಬೀದಿ ನಾಯಿಗೆ ಹಾಕುತ್ತಿದ್ದೆ ಅಂದುಕೊಂಡಿದ್ದೇನೆ. ಮನೆಯಲ್ಲಿ ನಾನೊಬ್ಬಳೇ, ನನಗೆ ನೆನಪಿರುವಷ್ಟು ಕಾಲದಿಂದಲೂ.

ಕಮಲಾಕ್ಷಿಯ ಮನೆಗೆ ಕರೆ ಬಂದದ್ದು ಹೋದ ಸೋಮವಾರ. ಅವಳ ಗಂಡ ರಾಚಪ್ಪ ಬನ್ನು, ರಸ್ಕು ಮಾಡಿ ಮಾರುವವನು. ಒಲೆ ದೊಡ್ಡದು ಮಾಡಲು ಅಡುಗೆಮನೆಗೂ ಹಿಂದಿನ ಉಗ್ರಾಣಕ್ಕೂ ನಡುವಿನ ಗೋಡೆ ತೆಗೆಸಬೇಕಿತ್ತು. ಮನೆಯಲ್ಲಿ ಗಂಡ ಹೆಂಡತಿ, ರಾಚಪ್ಪನ ತಾಯಿ ಈರಜ್ಜಿ, ಆರು ವರ್ಷದ ಮಗಳು ಬಂಗಾರಿ. ಎರಡು ವರ್ಷದ ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಮುರುಕನ್ನೆಲ್ಲ ಅಣ್ಣನೇ ಇಟ್ಟುಕೊಂಡನಂತೆ.

"ನಮ್ಮನೇಲಿ ಒಂದು ಒಡ್ಕಲು ಮಡಕೇನೂ ಇಲ್ಲ ಅಕ್ಕ," ಎಂದಳು ಕಮಲಾಕ್ಷಿ. "ಎಲ್ಲಾ ನಿಮ್ಮ ಕೈಲೇ ಇದೆ. ಒಂಚೂರು ಹೆಚ್ಚುಕಮ್ಮಿ ಆದ್ರೂ ನಾವು ಎಲ್ಲಿಂದ ತುಂಬ್ಸಾಣ?"

"ನನ್ ಕೈ ಇರೋವಾಗ ಹೆಚ್ಚುಕಮ್ಮಿ ಎಲ್ಲಿಂದ ಬಂತೇ?" ಎಂದೆ.

ಹನ್ನೊಂದು ಅಡಿ ಉದ್ದ, ಒಂಬತ್ತು ಅಡಿ ಎತ್ತರ, ಒಂದೂವರೆ ಅಡಿ ದಪ್ಪ. ಬುಡದಲ್ಲಿ ಬಡಿದೆ, ಗಟ್ಟಿ ಇಟ್ಟಿಗೆ. ಏಣಿ ಹತ್ತಿ ತಲೆಯಲ್ಲಿ ಬಡಿದೆ, ಗಟ್ಟಿ. ನಡುವಿಗೆ ಒರಗಿಸಿ ಹಿಟ್ಟಿನ ಡಬ್ಬಗಳನ್ನು ಸಾಲಾಗಿ ಪೇರಿಸಿದ್ದರು. ಅವನ್ನು ಸರಿಸಬೇಕಾಗಿತ್ತು. ಅಷ್ಟರಲ್ಲಿ ಒಳಗಿನಿಂದ ಈರಜ್ಜಿ, "ಎಲೆ ಹಾಕಿವ್ನಿ, ಬಾರವ್ವ, ಬಿಸಿ ಆರೋಗ್ತದೆ," ಎಂದು ಕೂಗಿದಳು. ಈ ಮುದುಕಿ ಎದುರಿಗೆ ಕೂತು ತಿನ್ನಿಸುವ ಜಾತಿ ಎಂದು ಗೊತ್ತಾಯಿತು. ಹೇಗೆ ತಪ್ಪಿಸಿಕೊಳ್ಳಲಿ ಎಂಬ ಯೋಚನೆಯೇ ತಲೆ ತುಂಬ ಇತ್ತು. ಡಬ್ಬಗಳನ್ನು ಸರಿಸಲಿಲ್ಲ. "ನಡುವಣ ತೊಟ್ಟಿ ತರಿಸಿ, ಕರೆಕ್ಟಾಗಿ ಅಂಚಿಗೆ ಬರುತ್ತೆ," ಎಂದು ಹೇಳಿ, ಸೋಮವಾರದ ಉಪವಾಸ ಮುಂದೆ ಮಾಡಿ, ಬುತ್ತಿ ಹಿಡಿದು ಹೊರಟೆ. ಈರಜ್ಜಿ ಅಕ್ಕಿರೊಟ್ಟಿಯ ಮೇಲೆ ಒಂದು ಉಂಡೆ ಬೆಣ್ಣೆ ಇಟ್ಟಿದ್ದಳು. ಬಾಗಿಲಿನವರೆಗೆ ಬಂದು, "ಹೊತ್ತು ಮುಳುಗೋಕ್ ಮುಂಚೆ ತಿನ್ನವ್ವ, ಮರೀಬ್ಯಾಡ," ಎಂದಳು.

ಮಂಗಳವಾರ ತೊಟ್ಟಿ ಇಳಿಯಿತು. ಗುರುವಾರ ಬೆಳಿಗ್ಗೆ ನಾನು ತಲೆ ಬಾಚಿಕೊಳ್ಳುತ್ತಿದ್ದಾಗ ರಾಚಪ್ಪ ಓಡುತ್ತ ಬಂದ. ಮೈಮೇಲೆಲ್ಲ ಇಟ್ಟಿಗೆಯ ಕೆಂಪು ಧೂಳು, ಅದರ ಮಧ್ಯೆ ಎರಡು ಕಣ್ಣು.

"ಅಕ್ಕಾ, ಗೋಡೆ ಟೊಳ್ಳು ಕಣಕ್ಕಾ!"

"ಎಲ್ಲಿ ಟೊಳ್ಳು?"

"ನಡೂಮಧ್ಯ ಪೂರ್ತಿ. ಹಳೇ ಕಾಲದ ಗೋಡೆ ಕಣಜ ಇದ್ದಂಗಿದೆ, ಮೇಲೆ ಸುಣ್ಣ ಸಾರ್ಸಿ ಮುಚ್ಬಿಟ್ಟವ್ರೆ. ಒಳಗೆ ಒಂದು ಕಾಳೂ ಇಲ್ಲ. ಎಲ್ಲಾ ಎತ್ತಿ ಹಾಕಾಯ್ತು. ತೊಟ್ಟಿ ಇನ್ನೂ ಒಂದು ಮೊಳ ಖಾಲಿ ಐತೆ."

ನನ್ನ ಕೈಯಿಂದ ಬಾಚಣಿಗೆ ಬಿತ್ತು. ಒಂದು ಮೊಳ ಎಂದರೆ ತೊಟ್ಟಿಯ ಮೂರನೆಯ ಒಂದು ಪಾಲಿಗೂ ಮೇಲೆ. ಅಷ್ಟು ಜಾಗಕ್ಕೆ ಒಬ್ಬರಲ್ಲ, ಆ ಮನೆಯ ನಾಲ್ಕೂ ಜನ ಹಿಡಿಸುತ್ತಾರೆ. ಅದು ಅವನ ಮುಖದಲ್ಲೇ ಬರೆದಿತ್ತು.

"ನಿಮ್ಮನೆ ಮುರುಕು ಇದೆಯಲ್ಲಕ್ಕ," ಎಂದ ಅವನು, ಬೇಡುವ ದನಿಯಲ್ಲಿ. "ನೀವು ನಮ್ಮನೇಲಿ ಉಂಡವ್ರು. ತೊಟ್ಟಿ ಒಪ್ತದೆ."

ಅಲ್ಲಿಯೇ ನಿಜ ಹೇಳಬೇಕಾಗಿತ್ತು. ನಾನು ಉಣ್ಣಲಿಲ್ಲ ಕಣಪ್ಪ, ನನ್ನ ಮನೆಯ ಒಂದು ಚೂರನ್ನೂ ಅದು ಒಪ್ಪುವುದಿಲ್ಲ ಎಂದು. "ನಡಿ, ಬರ್ತೀನಿ," ಎಂದೆ. ಅವನು ಹೋದ ಮೇಲೆ ಮುರುಕಿನ ಕೋಣೆಯ ಬಾಗಿಲು ತೆರೆದು ನಿಂತೆ. ಮೊದಲ ಸಾಮಾನು ಹಾಕಿದ ಕೂಡಲೇ ಅದು ಬಂದು ನನ್ನ ಹೊಸ್ತಿಲ ಮುಂದೆ ಬೀಳುತ್ತದೆ, ಇಡೀ ಊರಿಗೆ ನನ್ನ ಹನ್ನೊಂದು ವರ್ಷದ ಸುಳ್ಳು ಗೊತ್ತಾಗುತ್ತದೆ. ಅದಾದರೂ ಹಾಳಾಗಲಿ, ಆ ಮಗು ಬಂಗಾರಿ? ಅವಳು ಅಳತೆಯ ದಿನ ನನ್ನ ಟೇಪಿನ ತುದಿ ಹಿಡಿದುಕೊಂಡು ಗೋಡೆಯ ಉದ್ದಕ್ಕೂ ಓಡಿದ್ದಳು.

ಕೈಗಾಡಿಗೆ ತುಂಬಿಸಿದೆ. ಮೂರು ಕಾಲಿನ ಮಂಚ, ತೂತುಬಿದ್ದ ಡ್ರಮ್ಮು, ಬಿರುಕುಬಿಟ್ಟ ಒರಳುಕಲ್ಲು, ಚಕ್ರವಿಲ್ಲದ ಒಂದು ಗಂಡಸರ ಸೈಕಲ್ಲು. ನಾಲ್ಕು ಸಲ ಗಾಡಿ ಎಳೆದೆ. ಆ ಒರಳುಕಲ್ಲನ್ನು ನಾನೊಬ್ಬಳೇ ಹೇಗೆ ಎತ್ತಿದೆನೋ ಇವತ್ತಿಗೂ ತಿಳಿಯದು. ಹೆದರಿದವರಿಗೆ ಬಲ ಬರುತ್ತದೆ ಅಂತಾರಲ್ಲ, ಹಾಗೆಯೇ ಇರಬೇಕು ಅಂದುಕೊಂಡೆ.

ಕಮಲಾಕ್ಷಿಯ ಮನೆಯ ಮುಂದೆ ಜನ ಸೇರಿದ್ದರು. ಮೊದಲು ಡ್ರಮ್ಮನ್ನು ತೊಟ್ಟಿಗೆ ಹಾಕಿದೆ. ಕಣ್ಣು ಮುಚ್ಚಿಕೊಂಡೆ. ಸೆರಗಿನಿಂದ ಕತ್ತು ಒರೆಸಿಕೊಂಡು ಕಣ್ಣು ತೆರೆದೆ. ಡ್ರಮ್ಮು ಇದ್ದಲ್ಲೇ ಇತ್ತು. ಒರಳುಕಲ್ಲು ಹಾಕಿಸಿದೆ. ಅದೂ ಕೂತಿತು. ನನ್ನ ಎದೆಯ ಭಾರ ಇಳಿದ ಸಂತೋಷದಲ್ಲಿ ನಾನು ಕಾರಣ ಕೇಳಿಕೊಳ್ಳಲಿಲ್ಲ. ಬುತ್ತಿ ಕಟ್ಟಿಸಿಕೊಳ್ಳುವಾಗ ಬೆರಳಿಗೆ ಬೆಣ್ಣೆ ಹತ್ತಿತ್ತು, ನೆಕ್ಕಿದ್ದೆನೇನೋ, ಅಷ್ಟೇ ಊಟವೆಂದು ಲೆಕ್ಕವಾಗಿರಬೇಕು ಎಂದು ಸಮಾಧಾನ ಮಾಡಿಕೊಂಡೆ. ಹಾಗಾದರೆ ತೊಟ್ಟಿ ನನ್ನನ್ನೂ ತೆಗೆದುಕೊಳ್ಳಬಹುದು ಎಂದು ಆಮೇಲೆ ಹೊಳೆಯಿತು. ಆದರೂ ಕೈ ನಿಲ್ಲಲಿಲ್ಲ.

ಮೂರೂಕಾಲಿಗೆ ನನ್ನ ಮುರುಕೆಲ್ಲ ಮುಗಿಯಿತು. ತೊಟ್ಟಿ ಎಲ್ಲ ಕಡೆ ಅಂಚಿಗೆ ಬಂದಿತ್ತು, ಹಿಂದಿನ ಮಗ್ಗುಲು ಒಂದು ಬಿಟ್ಟು. ಅಲ್ಲಿ ಉದ್ದಕ್ಕೆ ಒಂದು ತಗ್ಗು. ಅಭ್ಯಾಸಬಲದಿಂದ ಟೇಪು ಹಿಡಿದೆ. ಆರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಗೇಣು ಆಳ. ಎಷ್ಟು ಕಡಿಮೆ ಎಂದು ರಾಚಪ್ಪ ಕೇಳಿದ. ಹೇಳಿದೆ. ಅವನು ಸುಮ್ಮನೆ ತನ್ನ ಮೈಯನ್ನು ತಾನೇ ನೋಡಿಕೊಂಡ, ಭುಜದಿಂದ ಭುಜಕ್ಕೆ.

ಮನೆಯೆಲ್ಲ ಹುಡುಕಿದೆವು. ಒಂದು ಹರಿದ ಚಾಪೆ, ಬಂಗಾರಿಯ ಕೈ ಮುರಿದ ಗೊಂಬೆ, ಈರಜ್ಜಿಯ ಒಡೆದ ಕನ್ನಡಕ. ಹಾಕಿದೆವು, ತಗ್ಗಿನ ತಳಕ್ಕೂ ಸಾಲಲಿಲ್ಲ. ರಾಚಪ್ಪ ತಡೆಯಲಾರದೆ ಹೊಸ ಮೇಜನ್ನು ಕೊಡಲಿಯಿಂದ ಕಡಿದು ತಂದು ಹಾಕಿದ. ಹಿಂತಿರುಗಿ ನೋಡಿದರೆ ಮೇಜು ಪಡಸಾಲೆಯಲ್ಲಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಕಮಲಾಕ್ಷಿ ಅದನ್ನು ನೋಡಿ ಅಳಲು ಶುರುಮಾಡಿದಳು.

"ಅಳೋದು ಬುಡು," ಎಂದಳು ಈರಜ್ಜಿ. "ಅಷ್ಟಕ್ಕೆ ನಾನು ಸಾಕು. ನಾನೇ ಹತ್ತಿ ಮನಿಕ್ಕಂತೀನಿ. ಏಣಿ ಹಿಡ್ಕಳ್ಳಿ."

"ಅವ್ವಾ, ಸುಮ್ಕಿರು!" ಎಂದು ರಾಚಪ್ಪ ಕಿರುಚಿದ.

"ಯಾಕ್ ಸುಮ್ಕಿರ್ಲಿ? ನೀನು ಹೋದ್ರೆ ಒಲೆ ಹಚ್ಚೋರ್ಯಾರು? ಇವಳು ಹೋದ್ರೆ ಮಗೂನ ನೋಡೋರ್ಯಾರು?" ಎನ್ನುತ್ತ ಮುದುಕಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಎರಡನೆಯದಕ್ಕೆ ಇಟ್ಟಳು. ಅಲ್ಲಿಯೇ ಏಣಿಯನ್ನು ತಬ್ಬಿಕೊಂಡು ನಿಂತುಬಿಟ್ಟಳು. "ಹೆದ್ರಿಕೆ ಆಯ್ತದೆ ಕಣ್ಲಾ ಮಗಾ," ಎಂದು ಸಣ್ಣ ದನಿಯಲ್ಲಿ ಹೇಳಿದಳು. ಕಮಲಾಕ್ಷಿ ಓಡಿ ಹೋಗಿ ಅವಳ ಸೊಂಟ ಹಿಡಿದು ಇಳಿಸಿ ಎದೆಗೆ ಅವಚಿಕೊಂಡಳು. ಸೇರಿದ್ದ ಜನ ಮೆಲ್ಲನೆ ಚದುರಿದರು. ಯಾರು ಹೋಗುತ್ತಾರೋ ಅವರನ್ನು ಆ ಗಳಿಗೆಯಲ್ಲಿ ನೋಡುತ್ತಿರಬಾರದೆಂದು ನಮ್ಮಲ್ಲಿ ಒಂದು ನಾಚಿಕೆ.

ಬೀದಿಯ ಕೊನೆಯಲ್ಲಿ ಲಾರಿಯ ಗಂಟೆ ಕೇಳಿಸಿತು. ನಾನು ಓಡಿಹೋಗಬಹುದಿತ್ತು, ಆದರೆ ಓಡಿದವರನ್ನು ತೊಟ್ಟಿ ಬಿಡುವುದಿಲ್ಲ. ನಾವು ಐದು ಜನ ಪಡಸಾಲೆಯಲ್ಲಿ ಕೈ ಕೈ ಹಿಡಿದು ಗೋಡೆಗೆ ಒರಗಿ ಕೂತೆವು. ಬಂಗಾರಿ ನನ್ನ ಬಲಗೈ ಹಿಡಿದಿದ್ದಳು. ಅವಳ ಅಂಗೈ ಬೆವತು ಜಾರುತ್ತಿತ್ತು, ನಾನು ಮಣಿಕಟ್ಟನ್ನೇ ಹಿಡಿದೆ. ದೇವರೇ, ನನ್ನನ್ನು ಬಿಡು ಎಂದೇ ನನ್ನ ಮನಸ್ಸು ಮೊದಲು ಹೇಳಿತು. ಮಗುವನ್ನು ಬಿಡು ಎಂದು ಆಮೇಲೆ ಹೇಳಿತು. ಸರಪಳಿ ಬಿಗಿದ ಸದ್ದು, ಕಬ್ಬಿಣ ನರಳಿದ ಸದ್ದು, ಆಮೇಲೆ ಲಾರಿ ಭಾರವಾಗಿ ಹೊರಟ ಸದ್ದು.

ಕಣ್ಣು ತೆರೆದೆವು. ರಾಚಪ್ಪ, ಕಮಲಾಕ್ಷಿ, ಈರಜ್ಜಿ, ಬಂಗಾರಿ, ನಾನು. ಎಣಿಸಿದೆವು, ತಿರುಗಿ ಎಣಿಸಿದೆವು. ಮನೆಯವರ ನೆನಪಿಗೆ ಬೆಲೆಯಿಲ್ಲವೆಂದು ರಾಚಪ್ಪ ಬೀದಿಗೆ ಓಡಿ ಪಕ್ಕದ ಮನೆಯವನನ್ನು ಕೊರಳಪಟ್ಟಿ ಹಿಡಿದು ಕೇಳಿದ, "ನಮ್ಮನೇಲಿ ಎಷ್ಟು ಜನ ಇದ್ವೋ?" ಅವನು ಸಂತೋಷದಿಂದಲೇ ಕೂಗಿದ, "ನಾಲ್ಕು! ನಾಲ್ಕೇ ಜನ!" ಹೇಳಬಾರದ ಮಾತಲ್ಲ ಅದು, ಯಾರೂ ಹೋಗಿರಲಿಲ್ಲವಲ್ಲ. ಈರಜ್ಜಿ ನೆಲಕ್ಕೆ ಹಣೆ ಹಚ್ಚಿದಳು. ಕಮಲಾಕ್ಷಿ ನನ್ನ ಕಾಲು ಮುಟ್ಟಲು ಬಂದಳು. ಯಾವುದೋ ಪೆಟ್ಟಿಗೆ ಹೋಗಿರಬೇಕು, ಹಾಸಿಗೆ ಸುರುಳಿ ಹೋಗಿರಬೇಕು ಎಂದುಕೊಂಡೆವು. ಖಾಲಿ ಗಾಡಿ ಎಳೆದುಕೊಂಡು ಹೊರಟೆ. ಜೀವ ಉಳಿದ ಹಗುರಕ್ಕೆ ನನಗೆ ನಗು ಬರುತ್ತಿತ್ತು.

ನಮ್ಮ ಬೀದಿಯ ತಿರುವಿನಲ್ಲಿ ಜಗುಲಿಗಳ ಮೇಲೆ ಎಂದಿನಂತೆ ಜನ ಕೂತಿದ್ದರು. ನನ್ನನ್ನು ಕಂಡೊಡನೆ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಎದುರು ಮನೆಯ ಜುಬೇದಾ, ಇಪ್ಪತ್ತು ವರ್ಷದಿಂದ ನನ್ನ ನೆರೆಯವಳು, ಮೆಟ್ಟಿಲಿಳಿದು ಬಂದು ನನ್ನ ಕೈಯಿಂದ ಗಾಡಿ ಬಿಡಿಸಿಕೊಂಡಳು.

"ಬಾ ಸಾವಂತ್ರಕ್ಕ," ಎಂದಳು. "ಕೂತ್ಕೊ. ಕಾಫಿ ಕುಡಿ."

ಆ ದನಿ ನನಗೆ ಗೊತ್ತು. ಅದೇ ದನಿಯಲ್ಲಿ ನಾನು ವಾಸಪ್ಪನನ್ನು ಕರೆದಿದ್ದೆ.

ಅವಳನ್ನು ತಳ್ಳಿಕೊಂಡು ನನ್ನ ಮನೆಗೆ ನುಗ್ಗಿದೆ. ಎಲ್ಲ ಇದ್ದಹಾಗೇ ಇತ್ತು. ಒಲೆಯ ಪಕ್ಕ ಎರಡು ತಟ್ಟೆ, ಗೂಟದಲ್ಲಿ ಎರಡು ಟವೆಲು, ಮೂಲೆಯಲ್ಲಿ ಸುತ್ತಿಟ್ಟ ಎರಡು ಹಾಸಿಗೆ. ಕಟ್ಟೆಯ ಮೇಲೆ ಹಿತ್ತಾಳೆಯ ಡಬ್ಬಿ, ತೊಳೆದು ಬೋರಲು ಹಾಕಿದ್ದು. ನಾನು ಡಬ್ಬಿಯನ್ನು ಎಂದೂ ಬೋರಲು ಹಾಕುವವಳಲ್ಲ, ತೊಳೆದರೆ ಮೊಳೆಗೆ ಸಿಕ್ಕಿಸುವವಳು. ಬೀದಿ ನಾಯಿಗೆ ಹಾಕುತ್ತಿದ್ದೆ ಅಂದುಕೊಂಡಿದ್ದೆನಲ್ಲ, ನಮ್ಮ ಬೀದಿಯಲ್ಲಿ ನಾಯಿಯೇ ಇಲ್ಲ. ಹಿಂದೆಯೂ ಇರಲಿಲ್ಲ.

ಹನ್ನೊಂದು ವರ್ಷ ನಾನು ಹೆದರಿ ಮುಟ್ಟದ ಅನ್ನವನ್ನು ತಂದು ಯಾರ ಮುಂದೆ ಇಡುತ್ತಿದ್ದೆ? ಅವರಿಗೆ ಹೇಳಿದ್ದೆನೋ, ಹೇಳದೆಯೇ ಬಡಿಸುತ್ತಿದ್ದೆನೋ? ಸೋಮವಾರ ಹೊತ್ತು ಮುಳುಗುವ ಮೊದಲು ಬೆಣ್ಣೆ ಹಚ್ಚಿದ ಅಕ್ಕಿರೊಟ್ಟಿಯನ್ನು ಚೆನ್ನಾಗಿದೆ ಎಂದು ತಿಂದವರು ಯಾರು? ಒರಳುಕಲ್ಲಿನ ಇನ್ನೊಂದು ಮಗ್ಗುಲು ಹಿಡಿದು ಎತ್ತಿದವರು ಯಾರು? ನನ್ನ ಮನೆಯ ಮುರುಕನ್ನು ತೊಟ್ಟಿ ಒಪ್ಪಿದ್ದು ನನ್ನ ಬೆರಳಿನ ಬೆಣ್ಣೆಗಲ್ಲ.

ಹಿತ್ತಲ ಬಾಗಿಲಲ್ಲಿ ಒಂದು ಜೊತೆ ಚಪ್ಪಲಿ ಇತ್ತು. ಗಂಡಸಿನದು, ಎಡಗಾಲಿನ ಹಿಮ್ಮಡಿ ಸವೆದದ್ದು. ಒಳಗೆ ಕಾಲು ಹಾಕಿದೆ, ದೊಡ್ಡದಾಯಿತು. ಸೊಂಟದಿಂದ ಟೇಪು ತೆಗೆದು ಹಿಡಿದೆ. ಹತ್ತೂವರೆ ಅಂಗುಲ. ಇಷ್ಟು ಪಾದಕ್ಕೆ ಆಳು ಐದೂಮುಕ್ಕಾಲು ಅಡಿ ಇರಬೇಕು, ಹೆಚ್ಚೆಂದರೆ ಆರು. ಆ ತಗ್ಗಿಗೆ ಸರಿಯಾಗುತ್ತದೆ. ಈ ಅಂದಾಜು ತಪ್ಪಿಲ್ಲ. ಅಳಬೇಕೆನ್ನಿಸಿತು, ಆದರೆ ಯಾರ ಮುಖ ನೆನೆದು ಅಳುವುದು ಎಂದು ತಿಳಿಯದೆ ಚಪ್ಪಲಿ ಹಿಡಿದುಕೊಂಡು ಕೂತೆ. ಗಂಡನೋ, ತಮ್ಮನೋ, ಮಗನೋ ಅದೂ ಗೊತ್ತಿಲ್ಲ. ಅಷ್ಟು ಪಾಪಿ ನಾನು.

ಆಮೇಲೆ ಎದ್ದು ಜುಬೇದಾಳ ಜಗುಲಿಗೆ ಹೋದೆ. ಅವಳು ಕಾಫಿಯ ಲೋಟ ಹಿಡಿದುಕೊಂಡೇ ನಿಂತಿದ್ದಳು.

"ಹೆಸರು ಒಂದು ಹೇಳೇ," ಎಂದೆ. "ಬೇರೆ ಏನೂ ಬೇಡ. ಕೂಗೋಕೆ ಒಂದು ಹೆಸರು."

ಅವಳ ಕಣ್ಣು ತುಂಬಿತು. ಲೋಟವನ್ನು ನನ್ನ ಕೈಗಿಟ್ಟು, ನನ್ನ ಬೆರಳುಗಳನ್ನು ಅದರ ಸುತ್ತ ಮಡಿಸಿ, ಪಕ್ಕದಲ್ಲಿ ಕೂತಳು.

"ಈ ಸಲ ಬದನೆಕಾಯಿ ಕಹಿ ಅಲ್ವಾ ಅಕ್ಕ?" ಎಂದಳು.

ನಾನು ಕಾಫಿ ಕುಡಿದೆ. ಊರಿನ ಮರ್ಯಾದೆ ನನಗಿಂತ ಚೆನ್ನಾಗಿ ಬಲ್ಲವರು ಯಾರು?

"ಹೌದು ಕಣೆ," ಎಂದೆ. "ಬಲು ಕಹಿ."